ಒಣಗಿದ್ದ ರೆಕ್ಕೆ

"ಸಂಜೆಯೊಳಗೆ ನನ್ನ ವೀಸಾ ಕ್ಯಾನ್ಸಲ್ ಅಂತೆ, ಅಂಕಲ್!"

ಜೋಸ್ವಿನ್ ಸತ್ವಾ ಬಡಾವಣೆಯ ದರ್ಜಿ ಅಂಗಡಿಗೆ ನುಗ್ಗಿದಾಗ ದರ್ಜಿ ಅಬೂಬಕ್ಕರ್ ಕತ್ತರಿ ಕೆಳಗಿಟ್ಟ. ಅಲ್ಲಿ ಚಹಾ ಕುಡಿಯುತ್ತಿದ್ದ ಅಬೂಬಕ್ಕರ್‌ನ ಗೆಳೆಯ ಕಜೆತಾನ್ ಮೂವತ್ತು ವರ್ಷ ವಿಮಾನ ರಿಪೇರಿ ಮಾಡಿದವರು. ಊರವರ ಸಿಕ್ಕು ಬಿಡಿಸುವುದೇ ಈಗ ಅವರ ಉದ್ಯೋಗ.

ಜೋಸ್ವಿನ್ ಅಬುಧಾಬಿಯ ಬಾಡಿಗೆ ವಿಮಾನಗಳ ಕಂಪನಿಯೊಂದರ ಮೆಕ್ಯಾನಿಕ್. 2014ರ ಜನವರಿಯ ಆ ಮುಂಜಾನೆ ಐದಕ್ಕೆ ಅಲ್ಮಾಟಿಯಿಂದ ಬಂದ ವಿಮಾನ ಏಳಕ್ಕೆ ಹನ್ನೊಂದು ಜನರನ್ನು ಹೊತ್ತು ಮತ್ತೆ ಹಾರಿತ್ತು. ಇಳಿದಲ್ಲಿ ನೋಡಿದರೆ ರೆಕ್ಕೆಗಳ ಮೇಲೆ, ಇಂಧನ ಟ್ಯಾಂಕಿನ ಭಾಗದಲ್ಲಷ್ಟೇ, ಉದ್ದುದ್ದ ಗೀರುಗಳು. 'ಐದೂವರೆಗೆ ಕೈಯಾಡಿಸಿ ನೋಡಿದ್ದೆ. ರೆಕ್ಕೆ ಒಣಗಿತ್ತು, ಗೀರಿರಲಿಲ್ಲ' ಎಂದು ಸೂಪರ್‌ವೈಸರ್ ಥಾಮಸ್ ಬರೆದುಕೊಟ್ಟು, ತಪ್ಪನ್ನು ಜೋಸ್ವಿನ್ ತಲೆಗೆ ಕಟ್ಟಿದ್ದ. ಆರಕ್ಕೆ ಪಾಳಿಗೆ ಬಂದು, ಇಂಧನ ತುಂಬಿಸಿ, ಸಹಿ ಹಾಕಿದವನು ಜೋಸ್ವಿನ್ ತಾನೇ!

"ಮಂಜು ಹೇಗಿತ್ತು?" ಕಜೆತಾನ್ ಕೇಳಿದ್ದು ಅದೊಂದೇ.

"ಮನೆಯಿಂದ ಏರ್‌ಪೋರ್ಟ್ ಗೇಟಿನ ತನಕ ಕಾರಿನ ವೈಪರ್ ನಿಲ್ಲಿಸ್ಲಿಲ್ಲ."

"ಯಲ್ಲಾ, ಹೊರಡೋಣ ಬ್ಯಾರಿಗಳೇ, ಕಾರು ತೆಗೀರಿ," ಎಂದು ಕಜೆತಾನ್ ಅಬೂಬಕ್ಕರ್‌ನನ್ನು ಎಬ್ಬಿಸಿದರು.

ಮಧ್ಯಾಹ್ನ ಕಂಪನಿಯ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಮ್ಯಾನೇಜರ್ ಅಹ್ಮದ್ ಸಾಹೇಬರ ಮುಂದೆ ಎಲ್ಲರೂ ನಿಂತರು. ಅಬೂಬಕ್ಕರ್‌ಗೆ ತಲೆಬುಡ ತಿಳಿದಿರಲಿಲ್ಲ. ಆದರೂ ಹುಡುಗನನ್ನು ಉಳಿಸಿಕೊಳ್ಳದೆ ಹಿಂದಿರುಗಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

"ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರ್ತದಲ್ಲ ಸಾಹೇಬ್ರೇ?" ಕಜೆತಾನ್ ಆರಂಭಿಸಿದರು. "ಹಿಮ ಬೀಳುವ ಅಲ್ಮಾಟಿಯಿಂದ ಬಂದ ರೆಕ್ಕೆಯೊಳಗೆ ಮೈನಸ್ ಡಿಗ್ರಿಯ ಇಂಧನ ಉಳಿದಿತ್ತು. ಅಂಥ ಮಂಜಿನಲ್ಲಿ ಟ್ಯಾಂಕಿನ ಮೇಲೆ ಐಸ್ ಕಟ್ಟಲೇಬೇಕು, ಅಬುಧಾಬಿ ಆದ್ರೂ ಸರಿ. ಗೀರು ಬಿದ್ದದ್ದೂ ಅಲ್ಲಿ ಮಾತ್ರ. ಅಂದ್ರೆ ಯಾರೋ ಐಸ್ ಕೆರೆದಿದ್ದಾರೆ. ಐದೂವರೆಗೆ ರೆಕ್ಕೆ ಬೆಳ್ಳಗಿರಬೇಕಿತ್ತು. ಒಣಗಿತ್ತು ಅಂತ ಬರೆದವರು ಯಾರು? ಕೆರೆದು ಒರೆಸದೆ ಅದು ಒಣಗುವ ಹಾಗೇ ಇರ್ಲಿಲ್ಲ. ಆರಕ್ಕೆ ಬಂದ ಜೋಸ್ವಿನ್‌ಗೆ ಕೆರೆಯಲಿಕ್ಕೆ ಏನು ಉಳಿದಿತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಥಾಮಸ್ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

"ಸ್ಟೀಲ್ ಸ್ಕೇಲಿನಿಂದ ಕೆರೆದೆ ಸರ್," ಎಂದ ಕೊನೆಗೆ. "ಐಸ್ ಕರಗಿಸುವ ದ್ರಾವಣ ನಮ್ಮಲ್ಲಿ ಇಟ್ಟೇ ಇಲ್ಲ. ಅಬುಧಾಬಿಯಲ್ಲಿ ಐಸ್ ಕಟ್ಟಿ ಲೇಟಾಯ್ತು ಅಂದ್ರೆ ಯಾರು ನಂಬ್ತಾರೆ?"

"ರೆಕ್ಕೆಯಲ್ಲಿ ಚೂರು ಐಸ್ ಉಳಿದಿದ್ರೂ ವಿಮಾನ ಮೇಲೇಳುವುದು ಕಷ್ಟ ಇತ್ತು," ಎಂದರು ಕಜೆತಾನ್.

"ಒಳಗೆ ಹನ್ನೊಂದು ಜನ ಇದ್ರಲ್ಲ ಮಾರಾಯ!" ಅಬೂಬಕ್ಕರ್ ಸಿಟ್ಟಿನಿಂದ ಥಾಮಸ್‌ನತ್ತ ತಿರುಗಿದ.

ಅಹ್ಮದ್ ಸಾಹೇಬರು ವೀಸಾ ರದ್ದತಿಯ ಕಾಗದವನ್ನು ಹರಿದು ಹಾಕಿದರು. ಜೋಸ್ವಿನ್ ಅದರತ್ತ ನೋಡಲಿಲ್ಲ.

"ನಂಗೊಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ಥಾಮಸಣ್ಣ?" ಎಂದ. "ಬೇಗ ಬಂದು ಇಲ್ಲಿಯ ಬೆಚ್ಚಗಿನ ಇಂಧನ ತುಂಬಿಸ್ತಿದ್ದೆ. ಐಸ್ ತಾನಾಗಿ ಕರಗ್ತಿತ್ತು."