ಮಾತಾಡದ ಫೋನು

"ಹಲೋ, ಆಂಬುಲೆನ್ಸ್ ಸೇವೆ. ಯಾರಿಗೆ ಏನಾಗಿದೆ, ಹೇಳಿ."

ಚಟಾಕಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಇಡೀ ಬೀದಿಯಲ್ಲಿ ಅವಳ ಬಾಯಿಗೆ ಬೀಗ ಹಾಕುವವರಿಲ್ಲ, ಅದಕ್ಕೇ ಆ ಅಡ್ಡಹೆಸರು. ಆದರೆ ಈಗ ತುಟಿ ಪಿಟಕ್ಕೆನ್ನಲಿಲ್ಲ.

"ಗಾಬರಿಯಾಗಬೇಡಿ, ನಾನು ಇಲ್ಲೇ ಇದೀನಿ. ಮಾತಾಡೋಕೆ ಆಗ್ತಿಲ್ವಾ? ಹಾಗಾದ್ರೆ ಫೋನ್ ಮೇಲೆ ಎರಡು ಸಲ ತಟ್ಟಿ."

ಎಷ್ಟು ಮೆತ್ತಗಿನ ದನಿ! ಅದು ಚಟಾಕಿಯ ಅಮ್ಮನದೇ. ಸಾಕಷ್ಟು ಕೇಳಿಸಿಕೊಂಡು ಅವಳು ಕಟ್ ಮಾಡಿದಳು.

"ಅಮ್ಮ ಸಿಕ್ಕಿದ್ರಾ?" ಟೈಲರ್ ಮಾಮ ಮಿಷನ್ ತುಳಿಯುತ್ತಲೇ ಕೂಗಿದರು. ಫೋನ್ ಅವರದು.

"ಸಿಕ್ಕಿದ್ರು ಮಾಮ, ಥ್ಯಾಂಕ್ಸ್!"

ಸುಳ್ಳೇನೂ ಅಲ್ಲವಲ್ಲ.

ದೂರದ ದೇಶದ ಸೇವಾಸಂಸ್ಥೆಯೊಂದು ಊರಿನ ಆಸ್ಪತ್ರೆಯ ಜೊತೆ ಕೈಜೋಡಿಸಿ ಎರಡು ಆಂಬುಲೆನ್ಸ್ ಕೊಟ್ಟಿತ್ತು. ಫೋನ್ ಎತ್ತುವವರಿಗೆ ಟ್ರೇನಿಂಗೂ ಕೊಟ್ಟಿತ್ತು. ಮೊದಲಾದರೆ ಜನ ರೋಗಿಯನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಓಡುತ್ತಿದ್ದರು. ಈಗ ಒಂದು ಫೋನ್ ಸಾಕು. ಎಲ್ಲ ಸರಿ, ಆದರೆ ಆ ಫೋನ್ ಎತ್ತಲು ಇದ್ದದ್ದು ನಾಲ್ಕೇ ಜನ. ಹನ್ನೆರಡು ಗಂಟೆ ದುಡಿದು ಮನೆಗೆ ಬರುವ ಹೊತ್ತಿಗೆ ಅಮ್ಮ ಹಿಂಡಿದ ಬಟ್ಟೆಯಂತಾಗಿರುತ್ತಿದ್ದಳು. 'ಊಂ', 'ಆಮೇಲೆ', 'ನಾಳೆ ನೋಡೋಣ'. ಮನೆಗೆ ಉಳಿಯುತ್ತಿದ್ದದ್ದು ಅಷ್ಟೇ ಮಾತು.

ಒಳ್ಳೆಯ ಮಾತೆಲ್ಲ ಊರಿನವರಿಗೆ! ಚಟಾಕಿಗೆ ಅದೇ ಹೊಟ್ಟೆಕಿಚ್ಚು. ಅಮ್ಮನ ಸ್ವಂತ ಮೊಬೈಲು ಡ್ಯೂಟಿ ಮುಗಿಯುವ ತನಕ ಲಾಕರಿನಲ್ಲಿ. ಅದಕ್ಕೇ ನಿನ್ನೆಯಿಂದ ಈ ದಾರಿ ಹಿಡಿದಿದ್ದಳು.

ಸಂಜೆ ಏಳಕ್ಕೆ ಅಮ್ಮ ಬಂದಳು. ಚಪ್ಪಲಿ ಬಿಟ್ಟವಳು ಅಲ್ಲೇ ಗೋಡೆಗೊರಗಿ ಕೂತಳು. ಚಟಾಕಿ ಊಟ ಬಡಿಸಿ ತಂದಿಟ್ಟಳು. ಅಮ್ಮ ತುತ್ತು ಕಲಸಿದಳು, ಬಾಯಿಗಿಡಲಿಲ್ಲ.

"ಯಾಕಮ್ಮ, ತಿನ್ನಲ್ವಾ?"

"ಸೇರ್ತಿಲ್ಲ ಕಣೆ. ನಿನ್ನೆ ಒಂದು ಫೋನ್ ಬಂತು, ಇವತ್ತೂ ಬಂತು. ಮಾತಿಲ್ಲ, ಬರೀ ಉಸಿರು. ಉಸಿರು ಕೇಳಿದ್ರೆ ಯಾವುದೋ ಮಗು. ತಿರುಗಿ ಮಾಡಿದ್ರೆ ಯಾರೂ ಎತ್ತಲ್ಲ. ಆ ಮನೇಲಿ ಯಾರು ಬಿದ್ದಿದಾರೋ ಏನೋ... ನಾನು ಇನ್ನೂ ಏನಾದ್ರೂ ಕೇಳಬೇಕಿತ್ತು."

ಚಟಾಕಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಮಿಷನ್ನಿನ ಗಡಗಡದಲ್ಲಿ ಟೈಲರ್ ಮಾಮನಿಗೆ ಎಂಥ ರಿಂಗೂ ಕೇಳಿಸದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕಲಸಿದ ತುತ್ತು ಅಮ್ಮನ ಕೈಯಲ್ಲೇ ಒಣಗುತ್ತಿತ್ತು.

"ಅಮ್ಮ... ಅದು ನಾನೇ."

"ನೀನಾ?"

"ಟೈಲರ್ ಮಾಮನ ಫೋನಿಂದ. ನಿನ್ನ ದನಿ ಕೇಳೋಕೆ. ಅಲ್ಲಿ ನೀನು ಚೆನ್ನಾಗಿ ಮಾತಾಡ್ತೀಯ."

ಏಟು ಬೀಳುತ್ತದೆಂದು ಚಟಾಕಿ ಕಣ್ಣು ಮುಚ್ಚಿದಳು. ಬೀಳಲಿಲ್ಲ. ಕಣ್ಣು ಬಿಟ್ಟರೆ ಅಮ್ಮ ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹಾಗಾದ್ರೆ ಯಾರಿಗೂ ಏನೂ ಆಗಿಲ್ಲ," ಎಂದಳು. "ಆ ಮಗು ಚೆನ್ನಾಗಿದೆ."

"ಚೆನ್ನಾಗಿದೆ ಅಮ್ಮ."

"ಇನ್ನೊಂದ್ಸಲ ಮಾಡು, ಕಿವಿ ಕಿತ್ತು ಕೈಗೆ ಕೊಡ್ತೀನಿ!"

ಅಮ್ಮ ಗಬಗಬನೆ ಉಂಡಳು, ಕೈ ತೊಳೆದು ಬಂದು ಚಾಪೆಯ ಮೇಲೆ ಉರುಳಿದಳು. "ಬಾ, ಇವತ್ತು ಸ್ಕೂಲಲ್ಲಿ ಏನಾಯ್ತು ಹೇಳು."

ಚಟಾಕಿ ಹುರುಪಿನಿಂದ ಶುರುಮಾಡಿದಳು. ಎರಡನೇ ಮಾತಿಗೇ ಅಮ್ಮನಿಗೆ ನಿದ್ದೆ ಬಂದಿತ್ತು.

ನಿನ್ನೆ ರಾತ್ರಿಯೆಲ್ಲ ಅಮ್ಮ ಹೊರಳಾಡಿದ್ದಳು. ಸೆಕೆಗೆ ಇರಬೇಕು ಎಂದುಕೊಂಡಿದ್ದಳು ಚಟಾಕಿ.

ಅವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಸದ್ದಾಗದಂತೆ ಎದ್ದು ಹೋಗಿ ಲೈಟ್ ಆರಿಸಿದಳು.