ಮೂರನೇ ಕರೆಗೆ ಮೊದಲು

ಗಲ್ಫಿನ ಸೀಬ್ ಪಟ್ಟಣದ ನನ್ನ ಮನೆಯಲ್ಲಿ ಇನ್ನೂ ಸಂಜೆಬಿಸಿಲಿತ್ತು. ಟೋಕಿಯೊದಲ್ಲಿ ಆಗಲೇ ರಾತ್ರಿ. ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದ ತಮ್ಮ ಹರ್ಷಿತ್, ಬಾರುಗಳ ಬೀದಿಯಲ್ಲಿ ನಡೆಯುತ್ತ ವಿಡಿಯೊ ಕಾಲ್‌ನಲ್ಲಿ ಬಣ್ಣದ ದೀಪಗಳನ್ನು ತೋರಿಸುತ್ತಿದ್ದ. ಅವನ ಬೆನ್ನ ಹಿಂದೆ ಯಾರೋ "ಹರ್ಷಿತ್" ಎಂದು ಕರೆದರು. ಅದು ನನ್ನದೇ ಧ್ವನಿ.

"ನಾನಲ್ಲ ಮಾರಾಯ, ಓ ಅನ್ಬೇಡ! ರಾತ್ರಿ ಮೂರು ಸಲ ಕರೆಯದೆ ಓ ಅನ್ಬಾರ್ದು ಅಂತ ಅಜ್ಜಿ ಹೇಳ್ತಿದ್ದದ್ದು ಮರ್ತು ಹೋಯ್ತಾ?"

"ನಮ್ಮೂರ ಪ್ರೇತಕ್ಕೆ ಜಪಾನ್ ವೀಸಾ ಯಾರು ಕೊಟ್ಟದ್ದು ಅಕ್ಕಾ?" ಎಂದು ನಗುತ್ತ ಅವನು ಹಿಂದೆ ತಿರುಗಿ "ಓ" ಎಂದ.

ಬೀದಿಯ ಗದ್ದಲ ಒಮ್ಮೆಲೇ ನಿಂತಿತು. ಜನ ಮಾತ್ರ ಸಪ್ಪಳವಿಲ್ಲದೆ ನಡೆಯುತ್ತಲೇ ಇದ್ದರು.

"ಅಕ್ಕಾ, ನೀನು ಇಲ್ಲೇ ಇದ್ದೀಯಲ್ಲ," ಎಂದ ಅವನು, ನನ್ನನ್ನು ನೋಡದೆ. "ಮತ್ತೆ ಫೋನಲ್ಲಿ ಯಾರು?"

ಅಂದಿನಿಂದ ಅವನು ನನ್ನ ಫೋನ್ ಎತ್ತಿಲ್ಲ. ಅಕ್ಕ ತನ್ನ ಜೊತೆಗೇ ಇದ್ದಾಳೆಂದು ಅಮ್ಮನಿಗೆ ಹೇಳುತ್ತಾನಂತೆ.