ಗೋಡೆಯಲ್ಲೊಂದು ದುಂಡು ಆಕಾಶ

ಷಟರ್ ಎತ್ತಿದ ಮಾಲೀಕ ಕೂಗಿಕೊಂಡ. ಹಿಂದಿನ ಗೋಡೆಯಲ್ಲಿದ್ದ ಹೊಗೆ ಎಳೆಯುವ ಫ್ಯಾನ್ ಮಾಯ! ಅದಿದ್ದ ಜಾಗದಲ್ಲಿ ದುಂಡಗೆ ಒಂದು ತುಂಡು ಆಕಾಶ.

ಹಳೆಯ ಕಂಪ್ಯೂಟರು, ಫೋನುಗಳನ್ನು ಬಿಚ್ಚಿ ಲೋಹ ತೆಗೆಯುವ ಶೆಡ್ ಅದು. ಕೆಟ್ಟ ರೇಡಿಯೊ ಕೊಡಲು ಬಂದಿದ್ದ ನಾನೂ ನನ್ನ ಓರಗಿತ್ತಿಯೂ ಬಾಗಿಲಲ್ಲೇ ನಿಂತೆವು. ಅವಳು ವಿದ್ಯುತ್ ಕಚೇರಿಯಲ್ಲಿ ಮೀಟರ್ ಕಳ್ಳರನ್ನು ಹಿಡಿದು ಹಿಡಿದೇ ನಿವೃತ್ತಳಾದವಳು. ಮಾತಿಗೊಂದು ‘ಯಾಕೆ’ ಎನ್ನುವುದರಿಂದ ಎಲ್ಲರಿಗೂ ಯಾಕಮ್ಮ.

“ನಿನ್ನೆ ಬೀಗ ಹಾಕಿದ್ದು ನೀನು. ಕದ್ದಿದ್ದೂ ನೀನೇ!” ಕಂಪ್ಯೂಟರ್ ಬೋರ್ಡು ಕಾಯಿಸಿ ಲೋಹ ಬಿಡಿಸುವ ಹೆಂಗಸಿನ ಮೇಲೆ ಮಾಲೀಕ ಹರಿಹಾಯ್ದ. “ಫ್ಯಾನ್ ತಂದಿಡು, ಇಲ್ಲಾಂದ್ರೆ ಕೆಲ್ಸ ಬಿಡು.”

“ಆ ಹೊಗೆ ಕುಡಿಯೋಳೇ ನಾನು. ನಾನ್ಯಾಕೆ ಕದೀಲಿ ಅಣ್ಣಾ?”

ಅವಳ ಬಾಯಿಗೆ ಕಟ್ಟಿದ್ದ ಹೂವಿನ ಬಟ್ಟೆ ಕಣ್ಣೀರಿಗೆ ಒದ್ದೆಯಾಯಿತು. ಅಂಥದ್ದನ್ನು ಹಿಂದಿನ ಓಣಿಯ ದರ್ಜಿಯೊಬ್ಬ ಶೆಡ್ಡಿನ ಕೆಲಸದವರಿಗೆಲ್ಲ ಬಿಟ್ಟಿ ಹೊಲಿದುಕೊಟ್ಟಿದ್ದನಂತೆ.

“ತಾಮ್ರದ ಮೂಟೆ ಇಲ್ಲೇ ಇದೆ. ಯಾಕೆ?” ಯಾಕಮ್ಮ ಕೇಳಿದಳು.

“ಮರೆತಿರ್ಬೇಕು.”

“ಕಳ್ಳ ತಾಮ್ರ ಮರೀತಾನಾ? ನೀವು ಮರೀತೀರಾ?”

“ನೀವ್ಯಾರಮ್ಮ, ಪೊಲೀಸಾ?”

“ಗಿರಾಕಿ.”

ಮಾಲೀಕ, ಹೆಂಗಸು, ನಾವಿಬ್ಬರು ಸುತ್ತಿಕೊಂಡು ಹಿಂದಿನ ಓಣಿಗೆ ಹೋದೆವು. ಬೋಲ್ಟುಗಳನ್ನು ಹೊರಗಿನಿಂದಲೇ ಬಿಚ್ಚಿದ್ದರು. ಎದುರಿಗೇ ದರ್ಜಿಯ ಕಿಟಕಿ, ಮಸಿ ಮೆತ್ತಿದ ಗೋಡೆ. ಹಗ್ಗದ ಮೇಲೆ ಎಳೆಗೂಸಿನ ಬಟ್ಟೆಗಳು.

“ಎಷ್ಟು ಬೆಳ್ಳಗಿವೆ ನೋಡೇ,” ಎಂದೆ.

ಯಾಕಮ್ಮ ಮುಟ್ಟಿ ನೋಡಿದಳು. “ಒಣಗೂ ಬಿಟ್ಟಿವೆ! ಫ್ಯಾನ್ ಇಲ್ಲ ಅಂತ ಮಾಲೀಕರಿಗೆ ಗೊತ್ತಾಗಿದ್ದು ಈಗ. ಕೆಲ್ಸ ಶುರುವಾಗೋ ಹೊತ್ತಲ್ಲಿ, ಹೊಗೆ ಉಗುಳೋ ತೂತಿನ ಎದುರು ಬಿಳೀ ಬಟ್ಟೆ ಹರವಿದೋರಿಗೆ ಮೊದ್ಲೇ ಹೇಗೆ ಗೊತ್ತಾಯ್ತು? ಹೇಳಪ್ಪಾ ದರ್ಜಿ.”

ಕಿಟಕಿಯೊಳಗಿದ್ದ ದರ್ಜಿ ಮೆಷಿನಿನ ಕೆಳಗಿಂದ ಫ್ಯಾನ್ ಎಳೆದು ಓಣಿಗೆ ತಂದಿಟ್ಟ.

“ಮಗಳ ಕೂಸಿಗೆ ಉಸಿರು ಕಟ್ತಿತ್ತು. ಕೊಳವೆ ಹಾಕ್ಸಿ, ಹೊಗೆ ಮೇಲಕ್ಕೆ ಬಿಡಿ ಅಂತ ಈ ಮಾಲೀಕರ ಕಾಲು ಹಿಡಿದು ಸಾಕಾಯ್ತು.” ಹೆಂಗಸಿನ ಕಡೆ ತಿರುಗಿದ. “ನಿನ್ನ ತಲೆಗೆ ಬರುತ್ತೆ ಅಂತ ಹೊಳೀಲೇ ಇಲ್ಲ ತಂಗಿ.”

“ಕೊಳವೆ ಯಾಕೆ ಹಾಕ್ಸಿಲ್ಲ?” ಯಾಕಮ್ಮ ಮಾಲೀಕನನ್ನು ಕೇಳಿದಳು.

“ನೋಡೋಣ. ಮೊದ್ಲು ಫ್ಯಾನ್ ಕೂರಿಸಿ, ಕೆಲ್ಸ ಶುರು ಮಾಡಿ.”

“ಯಾವಾಗ ನೋಡೋದು?”

ಅವನಾಗಲೇ ಹೊರಟಿದ್ದ. ಹೆಂಗಸಿನ ಕೆಲಸವೇನೋ ಉಳಿಯಿತು. ಯಾಕಮ್ಮ ರೇಡಿಯೊವನ್ನು ಸಿಟ್ಟಿನಿಂದ ಕಂಕುಳಿಗೆ ಅವುಚಿಕೊಂಡಳು.

ಫ್ಯಾನ್ ಎತ್ತಲು ಬಗ್ಗಿದ ಹೆಂಗಸು ತಡೆದು ನಿಂತಳು. ಹಗ್ಗದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಮಡಿಸಿ, ಕಿಟಕಿಯೊಳಗೆ ಕೊಟ್ಟಳು. ಆಮೇಲೆ ಹೊರಗಿನಿಂದ ಕಿಟಕಿಯ ಕದ ಎಳೆದು ಮುಚ್ಚಿದಳು.